ನೀಲಿ ಹೆಸರು

"ಹೇಮಾ, ಸೋಮವಾರದ್ದು ಬ್ಲಾಗಿನ್ಯಾಗ ಹಾಕಿಬಿಡು," ಅಂದ ಅಣ್ಣ. "ಯಾರ ಹೆಸರು ನೀಲಿ ಐತೋ ಅವರಿಗೆಲ್ಲ ಹೇಳಿದಂಗ ಆತು. ಫೋನ್ ಮಾಡಿ ಮಾಡಿ ನನ್ನ ಗಂಟಲು ಬಿದ್ದೈತಿ."

ಅವ್ವ ತೀರಿಕೊಂಡು ವಾರವೂ ಆಗಿರಲಿಲ್ಲ. ಸೋಮವಾರ ಆದೋನಿಯಲ್ಲಿ, ಅಣ್ಣನ ಮನೆಯಲ್ಲಿ, ಅವ್ವನ ಶಿವಗಣಾರಾಧನೆ. ನಾನು ಹೂಂ ಅಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದೆ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗೆ ನನ್ನ ಇಡೀ ಮೈ ಇತ್ತು. ಮುಟ್ಟಿದರೆ ಇದೆ ಅಂತ ಗೊತ್ತಾಗುತ್ತದೆ, ನನ್ನದು ಅನಿಸುವುದಿಲ್ಲ.

ನೀಲಿ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಮಂದಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಕೆಟ್ಟಿರುವುದು ನಿಜ, ಆದರೆ ಅದಕ್ಕೆ ಅರ್ಧ ಕಾರಣ ನಾನು.

ನಾನೊಂದು ಬ್ಲಾಗು ಬರೆಯುತ್ತೇನೆ. ಹೆಸರು 'ಯಾರ ಪೈಕಿ?'. ನಮ್ಮ ಮನೆಯವರದು ಇದೇ ಊರಿನಲ್ಲಿ ಹತ್ತಿ ಕಮಿಷನ್ ಅಂಗಡಿ. ಸೀಸನ್ನಿನಲ್ಲಿ ಅವರು ಮೈಗೆಲ್ಲ ಅರಳೆ ಅಂಟಿಸಿಕೊಂಡು ಮನೆಗೆ ಬರುವುದು ಮಲಗುವುದಕ್ಕೆ ಮಾತ್ರ. ನನಗೆ ಹೊತ್ತು ಹೋಗುತ್ತಿರಲಿಲ್ಲ, ಅಡುಗೆಯ ಬಗ್ಗೆ ಬರೆಯೋಣ ಅಂತ ಶುರು ಮಾಡಿದೆ. ಹೇಳುವುದು ಅವ್ವ, ಟೈಪು ಮಾಡುವುದು ನಾನು. ಮೊದಲನೆಯದು ಗುರೆಳ್ಳು ಪುಡಿ. ಅವ್ವ ಗುರೆಳ್ಳನ್ನು ಬಾಣಲೆಗೆ ಹಾಕುವ ಮುಂಚೆಯೇ ಮಂದಿಯನ್ನು ಕರೆದು ಕೂರಿಸಿದಳು.

"ಇದು ಬಸವಕ್ಕ ಹೇಳಿಕೊಟ್ಟಿದ್ದು. ಯಾವ ಬಸವಕ್ಕ? ಸಿ. ಬೆಳಗಲ್‌ಗೆ ಕೊಟ್ಟಾರಲ್ಲ, ನಿಮ್ಮಪ್ಪನ ತಂಗಿ. ಆಕಿ ಅತ್ತಿ ತವರು ಮದ್ದಿಕೇರ. ಆ ಮದ್ದಿಕೇರದ ಮನಿಯಿಂದ ನಮ್ಮ ಸಣ್ಣತ್ತೀನ ತಂದಿದ್ರು. ಬರಕೊಂಡ್ಯಾ?"

ನಮ್ಮ ಕಡೆ ಹೆಸರನ್ನು ಬರಿದಾಗಿ ಹೇಳುವ ಪದ್ಧತಿ ಇಲ್ಲ. ಯಾರ ಮಗಳು, ಯಾರ ಸೊಸೆ, ಎಲ್ಲಿಂದ ತಂದದ್ದು, ಎಲ್ಲಿಗೆ ಕೊಟ್ಟದ್ದು, ಎಲ್ಲ ಆದ ಮೇಲೆಯೇ ಅದು ಹೆಸರು. ಎಲ್ಲವನ್ನೂ ಬರೆದರೆ ಗುರೆಳ್ಳು ಸೀದು ಹೋಗುತ್ತಿತ್ತು, ಬಿಟ್ಟರೆ ಅವ್ವ ಮುನಿಸಿಕೊಳ್ಳುತ್ತಿದ್ದಳು. ಆಗ ಲಿಂಕ್ ನೆನಪಾಯಿತು. ಬಸವಕ್ಕನಿಗೆ ಬೇರೆಯೇ ಒಂದು ಪುಟ ಮಾಡಿದೆ, ಪುಡಿಯ ಬರಹದಲ್ಲಿ ಆಕೆಯ ಹೆಸರಿಗೆ ಆ ಪುಟದ ಲಿಂಕ್ ಕೊಟ್ಟೆ. ಬೇಕಾದವರು ಒತ್ತಿ ಬೆಳಗಲ್ಲಿಗೆ ಹೋಗಲಿ, ಬೇಡದವರು ಗುರೆಳ್ಳು ಹುರಿದುಕೊಳ್ಳಲಿ. ನೋಡನೋಡುತ್ತ ಬ್ಲಾಗಿನಲ್ಲಿ ಅಡುಗೆಗಿಂತ ನೆಂಟರೇ ಹೆಚ್ಚಾದರು.

ಈಗ ಬಳ್ಳಾರಿ, ಸಿರುಗುಪ್ಪ ಕಡೆಯ ಹೊಸ ಬ್ಲಾಗಿನವರು ಫೋನ್ ಮಾಡಿ ಲಿಂಕ್ ಹೇಗೆ ಹಾಕಬೇಕು ಅಂತ ನನ್ನನ್ನು ಕೇಳುತ್ತಾರೆ. ಸಿಡುಕುತ್ತಲೇ ಹೇಳುತ್ತೇನೆ. 'ಇಲ್ಲಿ ಒತ್ತಿ' ಅಂತ ಬರೆಯಬೇಡಿ. ಎಲ್ಲಿಗೆ ಅಂತ ಹೇಳದೆ ಕೈ ಹಿಡಿದು ಎಳೆದರೆ ಯಾರು ಬರುತ್ತಾರೆ? ಹೋಗುವ ಜಾಗದ ಹೆಸರಿನ ಮೇಲೆಯೇ ಲಿಂಕ್ ಇರಲಿ. ಸಾಲಿಗೆ ನಾಲ್ಕು ಹಾಕಿದರೆ ಓದುವವರು ಒಂದನ್ನೂ ಒತ್ತುವುದಿಲ್ಲ. ಒತ್ತಿದ ಮೇಲೆ ಅಲ್ಲಿ ಏನಾದರೂ ಇರಬೇಕು, 'ಈ ಪುಟ ಸಿಗಲಿಲ್ಲ' ಅಂತ ಬಂದರೆ ನಿಮ್ಮ ಮಾತನ್ನು ಯಾರೂ ಮತ್ತೆ ನಂಬುವುದಿಲ್ಲ. ಆಗಾಗ ಹಳೆಯ ಬರಹಗಳನ್ನು ತೆರೆದು ಲಿಂಕ್‌ಗಳು ಬದುಕಿವೆಯೋ ಸತ್ತಿವೆಯೋ ನೋಡಿ. ವಿದ್ಯೆ ಇಷ್ಟೇ.

ನಮ್ಮ ನೆಂಟರಿಗೆ ಈ ವಿದ್ಯೆ ಬೇಕಿರಲಿಲ್ಲ. ನಮ್ಮ ಕಡೆ ಆಂಧ್ರಕ್ಕೆ ಸೇರಿದ್ದು, ಅವರಲ್ಲಿ ಬಹಳ ಮಂದಿ ತೆಲುಗು ಶಾಲೆಯಲ್ಲಿ ಓದಿದವರು. ಕನ್ನಡ ಮನೆಯ ಮಾತು, ಅಕ್ಷರ ಕೂಡಿಸಿ ಓದುವುದಕ್ಕೆ ಪುರುಸೊತ್ತಿಲ್ಲ. ಓದದೆ ಬರೀ ನೋಡಿದರು. ನೋಡಿದರೆ ಲಿಂಕ್ ಇದ್ದವರ ಹೆಸರು ನೀಲಿ, ಇಲ್ಲದವರದು ಕಪ್ಪು. ಮದುವೆ ಕಾರ್ಡಿನಲ್ಲಿ ಹೆಸರು ಕೆಳಗೆ ಬಂತು ಅಂತ ಮಾತು ಬಿಡುವ ಮಂದಿ ಇವರು. ನೀಲಿ ಅಂದರೆ ಮರ್ಯಾದೆ ಅಂತ ತಾವೇ ತೀರ್ಮಾನ ಮಾಡಿಕೊಂಡರು. ಕಪ್ಪು ಉಳಿದವರು ನಮ್ಮ ಮನೆಯವರನ್ನು ಹತ್ತಿ ಮಾರ್ಕೆಟ್ಟಿನಲ್ಲಿ ಅಡ್ಡ ಹಾಕಿ, "ನಿಮ್ಮಾಕಿಗೆ ನಾವೇನು ಅಂದಿದ್ವಿ?" ಅಂತ ಕೇಳಿದರು. ಸಿ. ಬೆಳಗಲ್ಲಿನ ಬಸವಕ್ಕತ್ತೆಯಂತೂ ಒಂದು ದಿನ ಗಾಬರಿಯಾಗಿ ಫೋನ್ ಮಾಡಿದಳು.

"ಹೇಮೀ, ನನ್ನ ಹೆಸರು ಬಣ್ಣ ಬಿಟ್ಟೈತಿ ಚೂಡು. ನೀಲಿ ಇದ್ದದ್ದು ನೇರಳಿ ಆಗೈತಿ. ನಾ ಏನು ತಪ್ಪು ಮಾಡೀನವ್ವ?"

ಒಮ್ಮೆ ಒತ್ತಿ ನೋಡಿದ ಲಿಂಕ್‌ನ ಬಣ್ಣ ಬದಲಾಗುತ್ತದೆ ಅಂತ ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ಕೊನೆಗೆ ಸೆಟ್ಟಿಂಗ್ ಬದಲಿಸಿ, ಯಾರು ಎಷ್ಟು ಸಲ ಒತ್ತಿದರೂ ನೀಲಿ ನೀಲಿಯಾಗಿಯೇ ಉಳಿಯುವಂತೆ ಮಾಡಿದೆ. ಅವ್ವ ಆ ದಿನ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಅಣ್ಣ ಈಗ ಆ ಹುಚ್ಚನ್ನೇ ಕೆಲಸಕ್ಕೆ ಹಚ್ಚಿದ್ದ. ನಮ್ಮಲ್ಲಿ ಸಾವಿಗೆ ಯಾರೂ ಹೇಳಿಸಿಕೊಳ್ಳುವುದಿಲ್ಲ, ಸುದ್ದಿ ಕಿವಿಗೆ ಬಿದ್ದರೆ ಸಾಕು, ಬರುತ್ತಾರೆ. ಗಣಾರಾಧನೆಗೆ ಹಾಗಲ್ಲ. ಮನೆ ಮನೆಗೆ ಹೇಳಬೇಕು. ಹೇಳದಿದ್ದರೆ ಪಕ್ಕದ ಗೋಡೆಯವನೂ ಬರುವುದಿಲ್ಲ, ಬರದೆ ಸುಮ್ಮನೂ ಇರುವುದಿಲ್ಲ, ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾನೆ. ಹೇಳಿದ ಮೇಲೆ ಬಂದವರನ್ನು, ಅವರು ಯಾರೇ ಆಗಿರಲಿ, ಬಾಗಿಲಲ್ಲಿ ನಿಲ್ಲಿಸುವ ಹಾಗಿಲ್ಲ.

ಮಧ್ಯಾಹ್ನ ಬರೆಯಲು ಕೂತೆ. 'ನಮ್ಮ ತಾಯಿ ಗುರುಲಿಂಗಮ್ಮನವರು ಲಿಂಗೈಕ್ಯರಾದ ನಿಮಿತ್ತ' ಅಂತ ಶುರುವಾಯಿತು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡುತ್ತಿದ್ದವು. ನೆಂಟರ ಹೆಸರುಗಳನ್ನೆಲ್ಲ ಬರೆದು ಒಂದೊಂದಕ್ಕೂ ಲಿಂಕ್ ಕೊಟ್ಟೆ. ಕೆಳಗೆ 'ಇಂತಿ, ಮಕ್ಕಳು' ಅಂತ ಬರೆದೆ. ಚಂದ್ರಣ್ಣ. ಹೇಮಾವತಿ. ಅಲ್ಲಿಗೆ ನಿಲ್ಲಿಸಬೇಕಿತ್ತು. ಬೆರಳು ನಿಲ್ಲದೆ ಪ್ರತಿಮಾ ಅಂತಲೂ ಹೊಡೆದಿತ್ತು.

ಪ್ರತಿಮಾ ನಮ್ಮ ತಂಗಿ. ಕಾಲೇಜಿನಲ್ಲಿ ಜೊತೆಗೆ ಓದಿದ ಶಿವಕೃಷ್ಣನನ್ನು ಮದುವೆಯಾದಳು. ಅವನು ತುಂಗಭದ್ರೆಯ ದಂಡೆಯ ನಾಗಲದಿನ್ನೆಯವನು, ಕುರಿ ಸಾಕುವ ಮನೆತನದವನು. ನಮ್ಮವರು ಅಂಗಡಿ ಮಂದಿ, ಕೊರಳಲ್ಲಿ ಲಿಂಗ ಕಟ್ಟಿದವರು. ಹೆಚ್ಚು ಹೇಳುವುದೇನಿಲ್ಲ, ಎಲ್ಲ ಕಡೆ ಆಗುವುದೇ ಇಲ್ಲಿಯೂ ಆಯಿತು. ಅಂದಿನಿಂದ ಅಣ್ಣನ ಮನೆಯಲ್ಲಿ, ಅಂದರೆ ನಮ್ಮ ತವರಿನಲ್ಲಿ, ಆಕೆಯ ಹೆಸರು ಯಾರೂ ಎತ್ತಲಿಲ್ಲ. ಹನ್ನೆರಡು ಹದಿಮೂರು ವರ್ಷವಾಗಿರಬಹುದು.

ಬ್ಲಾಗಿಗೆ ಹೇಳುವಾಗ ಅವ್ವ ಊರ ಮಂದಿಯನ್ನೆಲ್ಲ ಎಳೆತಂದು ಕೂರಿಸುತ್ತಿದ್ದವಳು, ತನ್ನ ಮಕ್ಕಳ ಮಾತು ಬಂದಾಗ ಮಾತ್ರ ಎರಡು ಹೆಸರು ಹೇಳಿ ನೀರು ಕೇಳುತ್ತಿದ್ದಳು. ನಾನು ಒಮ್ಮೆ, "ಪ್ರತಿಮಾಂದು?" ಅಂತ ಕೇಳಿದ್ದೆ. "ಬರೀಬ್ಯಾಡ," ಅಂದಳು. ದನಿ ಎತ್ತಲಿಲ್ಲ, ಕಣ್ಣೂ ಒರೆಸಿಕೊಳ್ಳಲಿಲ್ಲ. ಹೇಳುವವಳು ಅವಳು, ಬೇಡ ಅನ್ನುವುದೂ ಅವಳಿಗೇ ಬಿಟ್ಟದ್ದು ಅಂತ ನಾನು ಬರೆಯಲಿಲ್ಲ.

ಅವ್ವನ ಮಣ್ಣಿಗೆ ಪ್ರತಿಮಾ ಬಂದಿದ್ದಳಂತೆ, ಎಲ್ಲರೂ ಹೋದ ಮೇಲೆ. ರುದ್ರಭೂಮಿ ಕಾಯುವ ಮಾರೆಣ್ಣ ಹೇಳಿದ. ಹಸಿ ಮಣ್ಣಿನ ಹತ್ತಿರ ಕೂತು, ಎದ್ದು, ಬಸ್ಸಿಗೆ ಹೊತ್ತಾಯಿತು ಅಂತ ಹೋದಳಂತೆ. ಈಗ ಈ ಹೇಳಿಕೆಯಲ್ಲಿ ಹೆಸರು ಬರದಿದ್ದರೆ ಸೋಮವಾರ ಆಕೆ ಬರುವ ಹಾಗಿಲ್ಲ. ಸೋಮವಾರ ತಪ್ಪಿದರೆ ಆ ಮನೆಯ ಹೊಸ್ತಿಲು ತುಳಿಯುವುದಕ್ಕೆ ಇನ್ನು ಜನ್ಮದಲ್ಲಿ ನೆಪ ಸಿಗುವುದಿಲ್ಲ. ತಾಯಿಯೂ ಇಲ್ಲದ ಮೇಲೆ ಆಕೆ ಯಾರ ಪೈಕಿ ಅಂತ ಹೇಳಿಕೊಳ್ಳಬೇಕು?

ಆದ್ದರಿಂದ ಹೆಸರು ಅಳಿಸಲಿಲ್ಲ. ಇದು ಧೈರ್ಯ ಅಂದುಕೊಳ್ಳಬೇಡಿ. ಮೈ ಮರಗಟ್ಟಿದಾಗ ಹೆದರಿಕೆಯೂ ಹತ್ತಿರ ಬರುವುದಿಲ್ಲ, ಅಷ್ಟೇ. ಹೆಸರನ್ನು ನೀಲಿ ಮಾಡಬೇಕು, ಆಗಲೇ ಅದು ಹೇಳಿಕೆ. ಆದರೆ ಲಿಂಕ್ ಕೊಡಲು ಆಕೆಗೊಂದು ಪುಟ ಬೇಕು. ಪುಟದಲ್ಲಿ ಬರೆಯಲು ನನಗೆ ಆಕೆಯ ಬಗ್ಗೆ ಏನೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಮ್ಮಿಗನೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ನಾಗಲದಿನ್ನೆಗೆ ಹೋದೆ. ದಾರಿಯಲ್ಲಿ ಹೊಲಗಳಿದ್ದವು, ಹತ್ತಿ ಬಿಡಿಸುವವರಿದ್ದರು, ಅವೆಲ್ಲ ಕಣ್ಣಿಗೆ ಬಿದ್ದು ಹಾಗೆಯೇ ಹಿಂದಕ್ಕೆ ಹೋದವು. ಶಿವಕೃಷ್ಣನ ಮನೆ ಯಾವುದು ಅಂತ ಕೇಳಿದರೆ ನನ್ನನ್ನೇ, "ನೀವು ಯಾರ ಪೈಕಿ?" ಅಂದರು. ಉತ್ತರ ಹೇಳದೆ ಮುಂದೆ ಹೋದೆ.

ಪ್ರತಿಮಾ ಕುರಿಗಳ ದೊಡ್ಡಿಯಲ್ಲಿ ನಿಂತು ಒಂದು ಕುರಿಯ ಬಾಯಿ ಅಗಲಿಸಿ ಜಂತಿನ ಔಷಧಿ ಬಿಡುತ್ತಿದ್ದಳು. ದಪ್ಪಗಾಗಿದ್ದಳು. ನನ್ನನ್ನು ನೋಡಿ, ಹಿಡಿದ ಕುರಿ ಬಿಡದೆ, ಔಷಧಿ ಪೂರ್ತಿ ಇಳಿಯುವವರೆಗೆ ಕಾದು, ಆಮೇಲೆ, "ಬಾ ಅಕ್ಕ," ಅಂದಳು. ಶಿವಕೃಷ್ಣ ಒಳಗಿನಿಂದ ಕುರ್ಚಿ ತಂದಿಟ್ಟು, "ಕೂರ್ಚೋಂಡಿ ವದಿನಾ," ಅಂತ ತೆಲುಗಿನಲ್ಲಿ ಕೂರಲು ಹೇಳಿ, ಅಕ್ಕತಂಗಿಯರನ್ನು ಬಿಟ್ಟು ಹೊಳೆಯ ಕಡೆ ಹೋದ.

"ನಿನಗ ಒಂದು ಪುಟ ಮಾಡಬೇಕು," ಅಂದೆ.

"ಯಾಕ?"

"ಲಿಂಕ್ ಹಾಕಾಕ. ಸೋಮವಾರದ ಹೇಳಿಕ್ಯಾಗ ನಿನ್ನ ಹೆಸರು ಬರಬೇಕಲ್ಲ."

ಪ್ರತಿಮಾ ಕೈ ತೊಳೆಯುತ್ತ ನಕ್ಕಳು. ಕುಡಿಯಲು ನೀರು ಕೊಟ್ಟು ಎದುರಿಗೆ ಕೂತಳು.

"ನಿನ್ನ ಬ್ಲಾಗು ಎಲ್ಲಾ ಓದೀನಕ್ಕ. ಒಂದೂ ಬಿಟ್ಟಿಲ್ಲ. ಇದ್ದಬದ್ದ ನೀಲಿ ಎಲ್ಲಾ ಒತ್ತೀನಿ. ಅವ್ವನ ಹೆಸರು ಒತ್ತಿದ್ರ ಬಸವಕ್ಕತ್ತಿ ಬರ್ತಾಳ. ಬಸವಕ್ಕತ್ತೀನ ಒತ್ತಿದ್ರ ಮದ್ದಿಕೇರದೋರು. ಮದ್ದಿಕೇರದೋರನ್ನ ಒತ್ತಿದ್ರ ತಿರುಗಿ ಅವ್ವ. ಎಲ್ಲೆರ ಒಂದು ನನ್ನ ಕಡಿ ಹೊಳ್ಳತೈತೇನೋ ಅಂತ ಒತ್ತಾಕತ್ತಿದ್ನಿ."

ಈ ಮಾತು ನನ್ನನ್ನು ಚುಚ್ಚಬೇಕಿತ್ತು. ಚುಚ್ಚಬೇಕಾದ ಮಾತು ಇದು ಅಂತ ಗೊತ್ತಾಯಿತು, ಚುಚ್ಚಲಿಲ್ಲ. ಫೋನ್ ತೆಗೆದು, "ಹೇಳು, ಬರಕೊಂತೀನಿ," ಅಂದೆ.

ಎಷ್ಟು ಕುರಿ ಅಂತ ಕೇಳಿದೆ, ಕುರಿ ಎಣಿಸಿ ಹೇಳಬಾರದು ಅಂದಳು. ಶ್ರಾವಣಿ ಅಂತ ಮಗಳಿದ್ದಾಳೆ, ಕನ್ನಡ ಅಕ್ಷರ ತಾನೇ ಕಲಿಸಿದ್ದೇನೆ ಅಂದಳು. ಅತ್ತೆಯ ತವರು ಯಾವುದು, ನಾದಿನಿಯನ್ನು ಎಲ್ಲಿಗೆ ಕೊಟ್ಟಿದೆ ಅಂತ ನಾನು ಕೇಳುವ ಮುಂಚೆಯೇ ಹೇಳಿದಳು. ಬೇರೆ ಮನೆ ಸೇರಿದರೂ ಹೇಳುವ ರೀತಿ ಅವ್ವನದೇ. ಫೋಟೋ ಬೇಡ ಅಂದಳು. ಹೊರಡುವಾಗ ಕೇಳಿದಳು, "ಬಂದ್ರ ಅಣ್ಣ ಏನಂತಾನ?"

"ಏನೂ ಅನ್ನಂಗಿಲ್ಲ. ಹೇಳಿ ಕರೆಸಿದೋರನ್ನ ಹೊರಗ ನಿಲ್ಲಿಸಾಕ ಬರತೈತೇನು?"

ಆಕೆ ನೀರಿನ ಲೋಟ ಎತ್ತಿಕೊಂಡು, "ಬರ್ತೀನಿ," ಅಂದಳು.

ಅವತ್ತೇ ಸಂಜೆ ಪುಟ ಮಾಡಿ, ಪ್ರತಿಮಾ ಅನ್ನುವ ಹೆಸರಿಗೆ ಲಿಂಕ್ ಕೊಟ್ಟು, ಹೇಳಿಕೆಯನ್ನು ಪ್ರಕಟಿಸಿದೆ. ರಾತ್ರಿಯೇ ಅಣ್ಣ ನಮ್ಮ ಮನೆಗೆ ಬಂದ. ಅನ್ನ ಬಿಟ್ಟು ಎದ್ದು ಬಂದಿದ್ದನೋ ಏನೋ, ಕೈಯಲ್ಲಿ ಇನ್ನೂ ಸಾರಿನ ವಾಸನೆ ಇತ್ತು. ಬಂದವನು ಕೂರಲಿಲ್ಲ.

"ತೆಗಿ ಅದನ್ನ."

"ಯಾವುದನ್ನ?"

"ಗೊತ್ತಿಲ್ಲದಂಗ ಆಡಬ್ಯಾಡ. ಆ ನೀಲಿ ತೆಗಿ. ಯಾರನ್ನ ಕೇಳಿ ಹಾಕೀದಿ?"

"ನೀನ ಹೇಳೀದಿ, ನೀಲಿ ಇದ್ದೋರಿಗೆಲ್ಲ ಹೇಳಿದ ಲೆಕ್ಕ ಅಂತ. ಈಗ ಹೇಳಿ ಆಗೈತಿ."

"ಇನ್ನೂ ಯಾರೂ ನೋಡಿರಂಗಿಲ್ಲ, ತೆಗದುಬಿಡು."

"ಬಸವಕ್ಕತ್ತಿ ನೋಡ್ಯಾಳ. ಆಗಲೇ ಫೋನ್ ಬಂದಿತ್ತು."

ಬಸವಕ್ಕತ್ತೆ ನೋಡಿದಳೆಂದರೆ ಸಿ. ಬೆಳಗಲ್ಲಿನಿಂದ ಮದ್ದಿಕೇರದವರೆಗೆ ಎಲ್ಲರೂ ನೋಡಿದ ಹಾಗೆಯೇ. ಕರೆದು ಬೇಡ ಅಂದರೆ ಮಾನ ಹೋಗುವುದು ಕರೆಸಿಕೊಂಡವರದಲ್ಲ, ಕರೆದ ಮನೆಯದು. ಅಣ್ಣ ಮಾತಿಗೆ ತಪ್ಪುವ ಮನುಷ್ಯ ಅಲ್ಲ, ಅದೇ ಅವನ ಕಷ್ಟ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಸರೇ, ಬರ್ಲಿ. ಉಂಡು ಹೋಗ್ಲಿ," ಅಂದ. ನಾನು ಗೆದ್ದೆ ಅಂದುಕೊಂಡೆ. ಗೆದ್ದದ್ದಕ್ಕೆ ಸಂತೋಷವೇನೂ ಆಗಲಿಲ್ಲ.

ಸೋಮವಾರ ಅಯ್ಯನವರ ಪಾದಪೂಜೆ ಮುಗಿದು ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಪ್ರತಿಮಾ ಗಂಡನ ಜೊತೆ ಬಂದಳು. ಅಡುಗೆ ಹಿತ್ತಿಲಲ್ಲಿ ಪೆಂಡಾಲಿನ ಕೆಳಗೆ ನಡೆದಿತ್ತು, ನಾನು ಹುಗ್ಗಿಯ ಬಕೀಟು ಹಿಡಿದು ಒಳಗೆ ಬರುತ್ತಿದ್ದೆ. ಬಾಗಿಲಲ್ಲಿ ಅಣ್ಣ ನಿಂತಿದ್ದ. ಬಂದವರಿಗೆಲ್ಲ ಕೈ ಮುಗಿಯುತ್ತಿದ್ದವನು ಅವರಿಬ್ಬರಿಗೂ ಮುಗಿದ.

"ಬರ್ರಿ," ಅಂದ ತಂಗಿಗೆ. "ಬಿಸಲಾಗ ಬಂದೀರಿ. ಈ ಕಡಿ ಕುಂದರ್ರಿ."

ಪ್ರತಿಮಾ ಸಣ್ಣವಳಿದ್ದಾಗ ಇದೇ ಅಣ್ಣ ಆಕೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟ ಹತ್ತಿಸಿದ್ದ. ಬೈಯುವುದಾದರೂ, ಮುದ್ದು ಮಾಡುವುದಾದರೂ 'ಏ' ಅಂದೇ ಕರೆದವನು. ಈಗ ಮರ್ಯಾದೆ ಕೊಟ್ಟ. ಬೇರೆ ಏನೂ ಅನ್ನಲಿಲ್ಲ, ಮುಖ ಗಂಟಿಕ್ಕಲಿಲ್ಲ. ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಗಂಡಸರ ಸಾಲಿನಲ್ಲಿ ಶಿವಕೃಷ್ಣ ಕೂತ, ಹೆಂಗಸರ ಸಾಲಿನಲ್ಲಿ ಬಸವಕ್ಕತ್ತೆ ಪ್ರತಿಮಾಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಕುಂದ್ರವ್ವ, ಕುಂದ್ರು. ನಿನ್ನ ಹೆಸರೂ ನೀಲಿ ಐತಿ, ನಾ ಕಣ್ಣಾರೆ ನೋಡೀನಿ. ಇನ್ನ ಯಾರೂ ಏನೂ ಅನ್ನಂಗಿಲ್ಲ."

ನಾನು ಹುಗ್ಗಿ ಬಡಿಸುತ್ತ ಸಾಲಿನಲ್ಲಿ ಬಂದೆ. ಒಂದೊಂದು ಎಲೆಗೂ ಬಗ್ಗುವುದು, ಹಾಕುವುದು, ಏಳುವುದು. ಪ್ರತಿಮಾಳ ಎಲೆಗೆ ಬಗ್ಗಿದೆ. ಆಕೆ ಬರಿಯ ಎಲೆಯ ಮೇಲೆ ಅಂಗೈ ಅಡ್ಡ ಇಟ್ಟಳು.

"ಅಕ್ಕ, ಒಂದು ಮಾತು," ಅಂದಳು ನನಗೆ ಮಾತ್ರ ಕೇಳುವ ಹಾಗೆ. "ಕೆಳಗ ಮೂರು ಹೆಸರು ಬರದೀದಿ. ಅಣ್ಣಂದು ಕರ್ರಗ ಐತಿ, ನಿಂದೂ ಕರ್ರಗ ಐತಿ. ನಂದೊಂದ ನೀಲಿ."

"ನೀಲಿ ಅಂದ್ರ..."

"ಗೊತ್ತೈತಿ. ಹೇಳಿ ಕರೆಸೀದಿ. ಮನಿ ಮಗಳಿಗೆ ಯಾರರ ಹೇಳಿ ಕಳಿಸ್ತಾರೇನಕ್ಕ?"

ದನಿಯಲ್ಲಿ ಸಿಟ್ಟು ಇರಲಿಲ್ಲ. ಕೈ ಮಾತ್ರ ಎಲೆಯಿಂದ ತೆಗೆಯಲಿಲ್ಲ.

ಬಕೀಟು ಹಿಡಿದು ನಿಂತೇ ಇದ್ದೆ. ನನ್ನ ಹೆಸರಿಗೆ ನಾನು ಲಿಂಕ್ ಹಾಕಿರಲಿಲ್ಲ, ಅಣ್ಣನ ಹೆಸರಿಗೂ ಹಾಕಿರಲಿಲ್ಲ. ಬೇಕಂತ ಬಿಟ್ಟದ್ದಲ್ಲ. ಇರುವ ಮನೆಗೇ ಯಾರಾದರೂ ದಾರಿ ತೋರಿಸುತ್ತಾರೆಯೇ? ನನಗೆ ಯಾರೂ ಹೇಳಿರಲಿಲ್ಲ. ನಿನ್ನೆಯೇ ಬಂದು, ಸೆರಗು ಸಿಕ್ಕಿಸಿ, ಕೆಲಸ ಹಚ್ಚಿಕೊಂಡಿದ್ದೆ. ಆಕೆಗೆ ಮಾತ್ರ ಮುತುವರ್ಜಿಯಿಂದ ಪುಟ ಮಾಡಿ, ಊರು ಬರೆದು, ಅತ್ತೆಯ ತವರು ಬರೆದು, ದಾರಿ ಹಾಕಿದ್ದೆ. ದಾರಿ ಹಾಕಿದ್ದರಿಂದಲೇ ಆಕೆ ಹೊರಗಿನವಳಾದಳು. ಅಣ್ಣ ಅದನ್ನೇ ಓದಿಕೊಂಡು ಅತಿಥಿಗೆ ಕೈ ಮುಗಿದಿದ್ದ. ಊರಿಗೆಲ್ಲ ಲಿಂಕ್ ಹಾಕುವುದನ್ನು ಹೇಳಿಕೊಡುವ ನನಗೆ ನಾಚಿಕೆಯಾಯಿತು. ಆ ವಾರದಲ್ಲಿ ನನಗೆ ಏನಾದರೂ ಅನಿಸಿದ್ದು ಅದೇ ಮೊದಲು.

ಬಕೀಟು ಅಲ್ಲಿಯೇ ಇಟ್ಟು ಹಿತ್ತಿಲಿಗೆ ಹೋದೆ. ಕೈ ತೊಳೆದು ಸೆರಗಿಗೆ ಒರೆಸಿ ಫೋನ್ ತೆರೆದೆ. ಹೆಸರನ್ನು ಹಿಡಿದು ಒತ್ತಿ, 'ಲಿಂಕ್ ತೆಗೆ' ಅನ್ನುವುದನ್ನು ಆರಿಸಿದೆ. ಹೆಸರು ಕಪ್ಪಾಯಿತು. ಚಂದ್ರಣ್ಣ, ಹೇಮಾವತಿ, ಪ್ರತಿಮಾ, ಮೂರೂ ಒಂದೇ ಬಣ್ಣ. ಮತ್ತೆ ಪ್ರಕಟಿಸಿ ಒಳಗೆ ಬಂದೆ. ಸಾಲಿನಲ್ಲಿ ಎಲ್ಲರೂ ಹುಗ್ಗಿಗೆ ಕಾಯುತ್ತಿದ್ದರು.

"ಏಳು," ಅಂದೆ ಪ್ರತಿಮಾಗೆ. ಬಕೀಟು ಆಕೆಯ ಕೈಗೆ ಕೊಟ್ಟೆ. "ಈ ಸಾಲು ನೀ ಬಡಿಸು. ನಾ ಗಂಡಸರ ಕಡಿ ನೋಡ್ತೀನಿ."

"ಅಯ್ಯ, ಎಲಿ ಮುಂದ ಕುಂತಾಕೀನ ಎಬ್ಬಿಸ್ತಾರೇನ?" ಅಂತ ಬಸವಕ್ಕತ್ತೆ ಕೂಗಿದಳು. "ಕರದು ಅವಮಾನ ಮಾಡ್ತೀಯೇನ ಹೇಮೀ?"

ಪ್ರತಿಮಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತನ್ನ ಎಲೆಯನ್ನು ತಾನೇ ತೆಗೆದು ಗೋಡೆಗೆ ಒರಗಿಸಿ, ಬಸವಕ್ಕತ್ತೆಯಿಂದಲೇ ಬಡಿಸಲು ಶುರು ಮಾಡಿದಳು. ಸಾಲಿನ ಕೊನೆಯಲ್ಲಿ ಕಣ್ಣು ಮಂಜಾದ ಒಬ್ಬ ಮುದುಕಿ ಕೂತಿದ್ದಳು. ಹುಗ್ಗಿ ಬಿದ್ದ ಸದ್ದಿಗೆ ತಲೆ ಎತ್ತಿ, ಎಲ್ಲರನ್ನೂ ಕೇಳುವ ಹಾಗೆ, "ನೀನು ಯಾರ ಪೈಕಿ ತಾಯಿ?" ಅಂದಳು.

ಗಂಡಸರ ಸಾಲಿನಿಂದ ನಾನು ಕಿವಿಗೊಟ್ಟೆ. ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದ ಅಣ್ಣನೂ ಆ ಕಡೆ ನೋಡಿದ. ನಾಗಲದಿನ್ನೆಯ ಹೆಸರು ಹೇಳುತ್ತಾಳೆ ಅಂದುಕೊಂಡೆ. ಅದೇ ಪದ್ಧತಿ.

"ಗುರುಲಿಂಗಮ್ಮನ ಮಗಳು ರೀ," ಅಂದಳು ಪ್ರತಿಮಾ. "ತುಪ್ಪ ಹಾಕ್ಲೇನ್ರಿ?"

ಎರಡನೆಯ ಪಂಕ್ತಿಯ ಹೊತ್ತಿಗೆ ಯಾರೋ ಅಣ್ಣನಿಗೆ ಫೋನ್ ತೋರಿಸಿದ್ದರು. ಅವನು ನನ್ನ ಹತ್ತಿರ ಬಂದು, "ತೆಗದೆಂತಲ್ಲ," ಅಂದ.

"ತೆಗದ್ನಿ."

"ಆವತ್ತ ಹೇಳಿದ್ನಿ, ಕೇಳಲಿಲ್ಲ. ಈಗ ಬಂದಮ್ಯಾಲೆ ತೆಗದು..." ಅನ್ನುತ್ತ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದ. ಅಣ್ಣನಿಗೆ ಕನ್ನಡ ಓದಲು ಹೊತ್ತು ಹಿಡಿಯುತ್ತದೆ. ತುಟಿ ಆಡಿಸುತ್ತ ಮೊದಲನೆಯ ಹೆಸರು ಓದಿದ, ಎರಡನೆಯದು ಓದಿದ, ಮೂರನೆಯದನ್ನೂ ಓದಿದ. ಫೋನನ್ನು ಜೇಬಿಗೆ ಹಾಕಿಕೊಂಡು ನೀರು ಕೊಡಲು ಹೋದ. ಅವನಿಗೆ ಏನನಿಸಿತೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಬಂದವರೆಲ್ಲ ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋದರು. ಕೊನೆಗೆ ಮನೆಯವರ ಪಂಕ್ತಿ. ಅಣ್ಣ, ನಮ್ಮ ಮನೆಯವರು, ಅವರ ಎದುರಿಗೆ ಅತ್ತಿಗೆ, ನಾನು. ನನ್ನ ಪಕ್ಕದಲ್ಲಿ ಪ್ರತಿಮಾ ತನ್ನ ಎಲೆಯನ್ನು ಗೋಡೆಯಿಂದ ತಂದು ಹಾಸಿದ್ದಳು. ಇನ್ನೂ ಕೂತಿರಲಿಲ್ಲ, ನಮಗೆ ಅನ್ನ ಬಡಿಸುತ್ತಿದ್ದಳು. ಅಣ್ಣ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟ. ಬಡಿಸುವ ಬಟ್ಟಲಲ್ಲಿ ಉಪ್ಪು ಮುಗಿದಿತ್ತು.

"ಏ ಪ್ರತೀ," ಅಂದ, ಎಲೆಯಿಂದ ತಲೆ ಎತ್ತದೆ. "ಉಪ್ಪು ತಾ."

ಪ್ರತಿಮಾ ಅನ್ನದ ಪಾತ್ರೆ ಕೆಳಗಿಟ್ಟು ತಟ್ಟನೆ ಅಡುಗೆಮನೆಗೆ ನಡೆದಳು. ಓಡಿದಳು ಅಂದರೂ ನಡೆಯುತ್ತದೆ. ಒಳಗೆ ಒಂದು ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಮುಚ್ಚಿದ ಸದ್ದಾಯಿತು. ಇನ್ನೊಂದು ತೆಗೆದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಅಣ್ಣ ಕಾದ, ತುತ್ತು ಕೈಯಲ್ಲೇ ಇತ್ತು.

"ಯಾಕ ಇಷ್ಟೊತ್ತು?" ಅಂತ ನನ್ನನ್ನು ಕೇಳಿದ. "ಆಕಿಗೆ ಗೊತ್ತಿಲ್ಲೇನ ಉಪ್ಪು ಎಲ್ಲಿರತೈತಿ?"

"ಹೆಂಗ ಗೊತ್ತಿರತೈತಣ್ಣ?" ಅಂದೆ.

ಅಣ್ಣ ತುತ್ತನ್ನು ಎಲೆಗೆ ಇಳಿಸಿದ. ನನಗೆ ಎದೆಯೊಳಗೆ ಎಲ್ಲೋ ನೋವು ಶುರುವಾಯಿತು, ಶುರುವಾದದ್ದು ನಿಲ್ಲಲಿಲ್ಲ. ಒಳಗೆ ಪ್ರತಿಮಾ ಮತ್ತೊಂದು ಡಬ್ಬಿ ತೆಗೆದಳು.